ನೆರೆರಾಜ್ಯದ ಕಾಲೇಜು, ಕಡಿಮೆ ಶುಲ್ಕ: ಅಮೆರಿಕದ ಪ್ರಾದೇಶಿಕ ರಿಯಾಯಿತಿ ಯೋಜನೆಗಳು

ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಒಂದೇ ತರಗತಿಗೆ ಎರಡು ದರ. ಆ ರಾಜ್ಯದ ನಿವಾಸಿಗಳಿಗೆ ಒಂದು, ಬೇರೆ ರಾಜ್ಯದಿಂದ ಬಂದವರಿಗೆ ಇನ್ನೊಂದು. ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಲೆಕ್ಕದ ಪ್ರಕಾರ 2024–25ರಲ್ಲಿ ನಾಲ್ಕು ವರ್ಷದ ಸರ್ಕಾರಿ ಕಾಲೇಜುಗಳ ಸರಾಸರಿ ವಾರ್ಷಿಕ ಶುಲ್ಕ ರಾಜ್ಯದವರಿಗೆ 11,610 ಡಾಲರ್ ಇದ್ದರೆ ಹೊರಗಿನವರಿಗೆ 30,780 ಡಾಲರ್ ಇತ್ತು. ಹಾಸ್ಟೆಲ್, ಊಟ, ಪುಸ್ತಕ, ಪ್ರಯಾಣ ಇವೆಲ್ಲ ಇದರ ಮೇಲೆ. ಹೆಸರಾಂತ ಕಡೆಗಳಲ್ಲಿ ಅಂತರ ಇನ್ನೂ ದೊಡ್ಡದು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಅದೇ ವರ್ಷ ಹೊರರಾಜ್ಯದ ಹೊಸ ವಿದ್ಯಾರ್ಥಿಗಳಿಂದ ಮಾಮೂಲಿ ಶುಲ್ಕದ ಜೊತೆಗೆ 34,200 ಡಾಲರ್ ಹೆಚ್ಚುವರಿಯಾಗಿ ವಸೂಲು ಮಾಡಿತು.

ಸರ್ಕಾರಿ ಕಾಲೇಜುಗಳು ನಡೆಯುವುದು ಆಯಾ ರಾಜ್ಯದ ತೆರಿಗೆ ಹಣದಲ್ಲಿ. ವರ್ಷಾನುಗಟ್ಟಲೆ ತೆರಿಗೆ ಕಟ್ಟಿದ ಮನೆಯ ಮಕ್ಕಳಿಗೆ ಅಗ್ಗದ ದರ ಕೊಡಬೇಕೆಂಬ ವಾದಕ್ಕೆ ನ್ಯಾಯಾಲಯಗಳೂ ಹೆಚ್ಚುಕಡಿಮೆ ತಲೆದೂಗಿವೆ. ರಾಜ್ಯಕ್ಕೆ ಬಂದು ಒಂದು ವರ್ಷವಾಗುವ ತನಕ ಹೊರಗಿನವರ ದರ ಹಾಕಬಹುದು ಎಂಬ ಮಿನ್ನೆಸೋಟದ ನಿಯಮವನ್ನು ಸುಪ್ರೀಂ ಕೋರ್ಟ್ 1971ರಲ್ಲಿ ಎತ್ತಿಹಿಡಿಯಿತು. ಆದರೆ ಸೇರುವಾಗ ಹೊರಗಿನವನಾಗಿದ್ದವನು ಓದು ಮುಗಿಯುವ ತನಕ ಹೊರಗಿನವನೇ ಎಂದು ಹಣೆಪಟ್ಟಿ ಹಚ್ಚಿದ್ದ ಕನೆಕ್ಟಿಕಟ್‌ನ ಕಾನೂನನ್ನು 1973ರ ವ್ಲಾಂಡಿಸ್ ವಿರುದ್ಧ ಕ್ಲೈನ್ ಪ್ರಕರಣದಲ್ಲಿ ತಳ್ಳಿಹಾಕಿತು. ತಾನು ಇಲ್ಲಿಯವನಾಗಿದ್ದೇನೆ ಎಂದು ತೋರಿಸಿಕೊಡುವ ಅವಕಾಶ ವಿದ್ಯಾರ್ಥಿಗೆ ಇರಲೇಬೇಕು ಎಂಬುದು ಅದರ ತಾತ್ಪರ್ಯ.

ಈ ಎರಡು ದರಗಳ ನಡುವೆ ಮೂರನೆಯದೊಂದಿದೆ. ಅಕ್ಕಪಕ್ಕದ ರಾಜ್ಯಗಳು ಒಪ್ಪಂದ ಮಾಡಿಕೊಂಡು ಪರಸ್ಪರರ ವಿದ್ಯಾರ್ಥಿಗಳಿಗೆ ಕೊಡುವ ರಿಯಾಯಿತಿ ದರ ಅದು. ಕುಟುಂಬದ ಆದಾಯ ಎಷ್ಟು ಎಂಬುದನ್ನು ಈ ಯೋಜನೆಗಳು ಕೇಳುವುದಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಪೈಕಿ ಅನೇಕರು ಸಂಬಳದ ಕಾರಣಕ್ಕೆ ಬಡವರಿಗಿರುವ ನೆರವಿನಿಂದ ಹೊರಗುಳಿಯುತ್ತಾರೆ. ಪೂರ್ತಿ ಶುಲ್ಕ ಕಟ್ಟುವಷ್ಟು ಉಳಿತಾಯವೂ ಇರುವುದಿಲ್ಲ. ಎಚ್-4 ಎಂಬ ಅವಲಂಬಿತರ ವೀಸಾದ ಮಕ್ಕಳಿಗಂತೂ ಫೆಡರಲ್ ಸರ್ಕಾರದ ಅನುದಾನವಾಗಲಿ ಸಾಲವಾಗಲಿ ಇಲ್ಲ. ಇಂಥ ಮನೆಗಳಿಗೆ ಆದಾಯ ನೋಡದ ರಿಯಾಯಿತಿ ದೊಡ್ಡ ಅನುಕೂಲ.

ಇಡೀ ದೇಶದಲ್ಲಿ ಇಂಥ ಒಪ್ಪಂದದ ಮಂಡಳಿಗಳು ನಾಲ್ಕಿವೆ. ಪ್ರತಿ ರಾಜ್ಯವೂ ವೈದ್ಯಕೀಯ, ದಂತವೈದ್ಯಕೀಯ, ಪಶುವೈದ್ಯಕೀಯ ಕಾಲೇಜುಗಳನ್ನು ಸ್ವಂತವಾಗಿ ಕಟ್ಟುವ ಬದಲು ಪಕ್ಕದ ರಾಜ್ಯದಲ್ಲಿರುವ ಸೀಟುಗಳನ್ನು ಹಂಚಿಕೊಂಡರೆ ಖರ್ಚು ಉಳಿಯುತ್ತದೆ ಎಂಬ ಲೆಕ್ಕಾಚಾರ ಇವುಗಳ ಹುಟ್ಟಿನ ಹಿಂದೆ ಇತ್ತು. ದಕ್ಷಿಣದ ರಾಜ್ಯಗಳು 1948ರಲ್ಲಿ ಮೊದಲು ಕೈಜೋಡಿಸಿದವು. ಕಪ್ಪು ಜನರನ್ನು ಪ್ರತ್ಯೇಕ ಕಾಲೇಜುಗಳಲ್ಲೇ ಇರಿಸಲು ಹೂಡಿದ ಉಪಾಯ ಇದು ಎಂಬ ಆಕ್ಷೇಪ ಆಗಲೇ ಎದ್ದಿತ್ತು, ಅದು ನಿರಾಧಾರವೂ ಆಗಿರಲಿಲ್ಲ. ಪಶ್ಚಿಮದ ರಾಜ್ಯಗಳ ಒಪ್ಪಂದಕ್ಕೆ ಅಮೆರಿಕದ ಕಾಂಗ್ರೆಸ್ 1953ರಲ್ಲಿ ಸಮ್ಮತಿ ಕೊಟ್ಟಿತು. ನ್ಯೂ ಇಂಗ್ಲೆಂಡಿನ ಮಂಡಳಿ 1955ರಲ್ಲೂ ಮಧ್ಯಪಶ್ಚಿಮದ್ದು 1991ರಲ್ಲೂ ಆರಂಭವಾದವು. ಪದವಿ ವಿದ್ಯಾರ್ಥಿಗಳಿಗೆ ಶುಲ್ಕ ರಿಯಾಯಿತಿ ಈಗ ನಾಲ್ಕೂ ಕಡೆ ಇದೆ, ಆದರೆ ನಿಯಮಗಳು ಒಂದೊಂದು ಕಡೆ ಒಂದೊಂದು ಥರ.

ಬಳಕೆಯಲ್ಲಿ ಎಲ್ಲಕ್ಕಿಂತ ಸರಳವಾದುದು ಪಶ್ಚಿಮದ ವೆಸ್ಟರ್ನ್ ಅಂಡರ್‌ಗ್ರ್ಯಾಜುಯೇಟ್ ಎಕ್ಸ್‌ಚೇಂಜ್. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗಾನ್, ಅರಿಜೋನಾ, ಕೊಲರಾಡೊ, ಯೂಟಾ, ನೆವಾಡಾ, ಐಡಹೊ ಮೊದಲಾದವುಗಳ ಜೊತೆಗೆ ಅಲಾಸ್ಕಾ, ಹವಾಯಿ ಹಾಗೂ ಗ್ವಾಮ್‌ನಂಥ ಪೆಸಿಫಿಕ್ ದ್ವೀಪಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಭಾಗವಹಿಸುವ ಕಾಲೇಜುಗಳ ಸಂಖ್ಯೆ 160ಕ್ಕೂ ಹೆಚ್ಚು. ರಾಜ್ಯದವರು ಕಟ್ಟುವ ಬೋಧನಾ ಶುಲ್ಕದ ಒಂದೂವರೆ ಪಟ್ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂಬುದು ಇಲ್ಲಿನ ಮುಖ್ಯ ನಿಯಮ. ಉದಾಹರಣೆಗೆ ಒಂದು ಕಾಲೇಜಿನಲ್ಲಿ ರಾಜ್ಯದವರ ಶುಲ್ಕ 12,000 ಡಾಲರ್, ಹೊರಗಿನವರದು 32,000 ಎಂದು ಇಟ್ಟುಕೊಂಡರೆ, ಈ ಯೋಜನೆಯಲ್ಲಿ ಸೇರಿದವರು ಕಟ್ಟಬೇಕಾದದ್ದು ಹೆಚ್ಚೆಂದರೆ 18,000. ವರ್ಷಕ್ಕೆ 14,000, ನಾಲ್ಕು ವರ್ಷಕ್ಕೆ 56,000 ಡಾಲರ್ ಕಡಿಮೆ. ತನ್ನ ರಾಜ್ಯದಲ್ಲಿ ಸಿಗುವ ಕೋರ್ಸನ್ನೇ ಪಕ್ಕದ ರಾಜ್ಯದಲ್ಲಿ ಓದಲೂ ಇಲ್ಲಿ ಅಡ್ಡಿಯಿಲ್ಲ.

ಅಡ್ಡಿ ಇರುವುದು ಬೇರೆ ಕಡೆ. ಯಾರಿಗೆ ಕೊಡಬೇಕು, ಎಷ್ಟು ಮಂದಿಗೆ ಕೊಡಬೇಕು, ಯಾವ ಮೇಜರ್‌ಗೆ, ಎಂದರೆ ಮುಖ್ಯ ವಿಷಯಕ್ಕೆ, ಕೊಡಬೇಕು ಎಂಬುದೆಲ್ಲ ಆಯಾ ಕಾಲೇಜಿಗೆ ಬಿಟ್ಟದ್ದು. ಕೆಲವು ಕಡೆ ಪ್ರವೇಶ ಸಿಕ್ಕಿದವರಿಗೆಲ್ಲ ತಾನಾಗಿಯೇ ಕೊಡುತ್ತಾರೆ. ಇನ್ನು ಕೆಲವು ಕಡೆ ಹೈಸ್ಕೂಲಿನ ಜಿಪಿಎ ಇಷ್ಟಿರಬೇಕು, ಇಂಥ ದಿನಾಂಕದೊಳಗೆ ಅರ್ಜಿ ಹಾಕಿರಬೇಕು ಎಂಬ ಷರತ್ತುಗಳಿದ್ದು, ಹಣ ಮುಗಿದ ಮೇಲೆ ಬಾಗಿಲು ಮುಚ್ಚುತ್ತದೆ. ಬೇಡಿಕೆ ಹೆಚ್ಚಿರುವ ನರ್ಸಿಂಗ್, ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ಗಳನ್ನು ಯೋಜನೆಯಿಂದ ಹೊರಗಿಟ್ಟ ಕಾಲೇಜುಗಳೂ ಉಂಟು. ಎಲ್ಲರ ಬಾಯಲ್ಲಿರುವ ಹೆಸರುಗಳಂತೂ ಪಟ್ಟಿಯಲ್ಲಿ ಸಿಗುವುದೇ ಇಲ್ಲ. ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್, ಬರ್ಕ್ಲಿ, ಯುಸಿಎಲ್‌ಎ, ಬೋಲ್ಡರ್‌ನ ಯೂನಿವರ್ಸಿಟಿ ಆಫ್ ಕೊಲರಾಡೊ ಇವು ಇದರಲ್ಲಿ ಇಲ್ಲ. ಸೀಟಿಗೆ ನೂಕುನುಗ್ಗಲು ಇರುವ ಕಾಲೇಜು ಸುಮ್ಮನೆ ಬೆಲೆ ಇಳಿಸುವುದಿಲ್ಲ. ಖಾಲಿ ಬೆಂಚುಗಳನ್ನು ತುಂಬಿಸಿಕೊಳ್ಳಬೇಕಾದ, ಇಲ್ಲವೇ ಚುರುಕು ಹುಡುಗರನ್ನು ಸೆಳೆಯಬೇಕಾದ ಕಾಲೇಜುಗಳೇ ಈ ರಿಯಾಯಿತಿಯ ಬೆನ್ನೆಲುಬು. ಹಾಗೆಂದ ಮಾತ್ರಕ್ಕೆ ಅವು ಕಳಪೆಯವಲ್ಲ.

ಮಧ್ಯಪಶ್ಚಿಮದ ಮಿಡ್‌ವೆಸ್ಟ್ ಸ್ಟೂಡೆಂಟ್ ಎಕ್ಸ್‌ಚೇಂಜ್ ಪ್ರೋಗ್ರಾಮ್‌ನದೂ ಒಂದೂವರೆ ಪಟ್ಟಿನ ಲೆಕ್ಕವೇ. ಸೇರಿಕೊಂಡ ಖಾಸಗಿ ಕಾಲೇಜುಗಳು ಇಲ್ಲಿ ಶೇ 10ರಷ್ಟು ಕಡಿತ ಕೊಡುತ್ತವೆ. ಮಂಡಳಿಯಲ್ಲಿ 12 ರಾಜ್ಯಗಳಿದ್ದರೂ ಶುಲ್ಕ ಯೋಜನೆಗೆ ಎಲ್ಲವೂ ಬಂದಿಲ್ಲ, ಅಯೋವಾ ಹೊರಗಿದೆ. ಉತ್ತರ ಡಕೋಟ ಪಶ್ಚಿಮದ ಯೋಜನೆಯಲ್ಲೂ ಇದೆ, ಮಧ್ಯಪಶ್ಚಿಮದ್ದರಲ್ಲೂ ಇದೆ. ಆ್ಯನ್ ಆರ್ಬರ್‌ನ ಮಿಷಿಗನ್, ಅರ್ಬಾನಾ–ಶಾಂಪೇನ್‌ನ ಇಲಿನಾಯ್, ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳನ್ನು ಇಲ್ಲಿ ಹುಡುಕಿ ಪ್ರಯೋಜನವಿಲ್ಲ.

ಮ್ಯಾಡಿಸನ್‌ಗೆ ಮಾತ್ರ ಒಂದು ಪಕ್ಕದ ಬಾಗಿಲಿದೆ. ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ರಾಜ್ಯಗಳು ತಮ್ಮತಮ್ಮಲ್ಲೇ ಮಾಡಿಕೊಂಡಿರುವ ಹಳೆಯ ರೆಸಿಪ್ರಾಸಿಟಿ (ಪರಸ್ಪರ ರಿಯಾಯಿತಿ) ಒಪ್ಪಂದದಡಿ ಮಿನ್ನೆಸೋಟದ ಮಕ್ಕಳು ಮ್ಯಾಡಿಸನ್‌ನಲ್ಲೂ ವಿಸ್ಕಾನ್ಸಿನ್‌ನ ಮಕ್ಕಳು ಮಿನಿಯಾಪೊಲಿಸ್‌ನಲ್ಲೂ ಹೆಚ್ಚುಕಡಿಮೆ ತಮ್ಮ ಊರಿನ ದರಕ್ಕೇ ಓದಬಹುದು. ಇದಕ್ಕೆ ಕಾಲೇಜಿನ ಅರ್ಜಿ ಸಾಲದು. ಮಿನ್ನೆಸೋಟದವರು ಅಲ್ಲಿನ ಆಫೀಸ್ ಆಫ್ ಹೈಯರ್ ಎಜುಕೇಷನ್‌ಗೆ, ವಿಸ್ಕಾನ್ಸಿನ್‌ನವರು ಹೈಯರ್ ಎಜುಕೇಷನಲ್ ಏಡ್ಸ್ ಬೋರ್ಡ್‌ಗೆ ಬೇರೆಯಾಗಿ ಅರ್ಜಿ ಹಾಕಬೇಕು. ಎರಡು ಡಕೋಟಗಳ ಜೊತೆಗೂ ಮಿನ್ನೆಸೋಟಕ್ಕೆ ಇಂಥ ಒಪ್ಪಂದವಿದೆ. ಗಡಿಯಾಚೆ ಕೆನಡಾದ ಮ್ಯಾನಿಟೋಬದ ಜೊತೆಗೂ ಇದೆ. ದೇಶದ ಬೇರೆ ಕಡೆಗಳಲ್ಲೂ ಗಡಿಗೆ ಅಂಟಿಕೊಂಡ ಕೌಂಟಿಗಳ ವಿದ್ಯಾರ್ಥಿಗಳಿಗೆ ಪಕ್ಕದ ರಾಜ್ಯದ ಕಾಲೇಜುಗಳು ಪ್ರತ್ಯೇಕ ದರ ಇಟ್ಟಿರುವುದುಂಟು. ಮನೆ ಗಡಿ ಸಮೀಪ ಇದ್ದವರು ದೊಡ್ಡ ಯೋಜನೆಗಳಿಗಿಂತ ಮೊದಲು ಇದನ್ನು ವಿಚಾರಿಸುವುದು ಲೇಸು.

ನ್ಯೂ ಇಂಗ್ಲೆಂಡಿನ ಆರು ರಾಜ್ಯಗಳ, ಎಂದರೆ ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್, ಕನೆಕ್ಟಿಕಟ್‌ಗಳ ಕ್ರಮವೇ ಬೇರೆ. ಮನೆಯಿರುವ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಇಲ್ಲದ ಮೇಜರ್ ಓದುವುದಾದರೆ ಮಾತ್ರ ರಿಯಾಯಿತಿ. ಆಗ ರಾಜ್ಯದವರ ದರದ 175 ಪ್ರತಿಶತದ ತನಕ ಕಟ್ಟಬೇಕಾಗಬಹುದು. ಬೇರೆ ಅರ್ಜಿ ಇಲ್ಲ. ಪ್ರವೇಶದ ಅರ್ಜಿಯಲ್ಲಿ ಆ ಮೇಜರ್‌ನ ಹೆಸರನ್ನು ನಮೂದಿಸಿದರಾಯಿತು. ಮೇಜರ್ ಆಮೇಲೆ ನೋಡೋಣ ಎಂದು ಜಾಗ ಖಾಲಿ ಬಿಟ್ಟವರಿಗೆ ರಿಯಾಯಿತಿಯೂ ಇಲ್ಲ. ಕೆಲವು ಸ್ಟೇಟ್ ಕಾಲೇಜು, ಕಮ್ಯುನಿಟಿ ಕಾಲೇಜುಗಳಲ್ಲಿ ಇನ್ನೊಂದು ದಾರಿಯಿದೆ: ಸ್ವಂತ ರಾಜ್ಯದ ಕಾಲೇಜಿಗಿಂತ ಪಕ್ಕದ ರಾಜ್ಯದ್ದು ಮನೆಗೆ ಹತ್ತಿರವಾದರೆ ಆ ಕಾರಣಕ್ಕೂ ದರ ಇಳಿಯುತ್ತದೆ.

ದಕ್ಷಿಣದ ಅಕಾಡೆಮಿಕ್ ಕಾಮನ್ ಮಾರ್ಕೆಟ್ 1974ರಿಂದ ನಡೆದುಬಂದಿದೆ. ಸಿಕ್ಕವರಿಗೆ ಲಾಭ ಅತಿ ಹೆಚ್ಚು ಇಲ್ಲಿಯೇ, ಏಕೆಂದರೆ ಕಟ್ಟಬೇಕಾದದ್ದು ಒಂದೂವರೆ ಪಟ್ಟಲ್ಲ, ಅಲ್ಲಿಯವರದೇ ದರ. ಆದರೆ ಕಾಗದಪತ್ರದ ಓಡಾಟವೂ ಇಲ್ಲೇ ಹೆಚ್ಚು. ಓದಬೇಕೆಂದಿರುವ ಪದವಿ ಸ್ವಂತ ರಾಜ್ಯದಲ್ಲಿ ಸಿಗಬಾರದು, ಪಕ್ಕದ ರಾಜ್ಯದ ಆ ಕೋರ್ಸು ಯೋಜನೆಯ ಪಟ್ಟಿಯಲ್ಲಿರಬೇಕು. ಕಾಲೇಜಿನಲ್ಲಿ ಅದೇ ಕೋರ್ಸಿಗೆ ಪ್ರವೇಶ ದೊರೆತ ಮೇಲೆ ವಿದ್ಯಾರ್ಥಿ ತನ್ನ ರಾಜ್ಯದ ಸಂಯೋಜಕರಿಗೆ ಬರೆದು, ಇವರು ಇಲ್ಲಿಯ ನಿವಾಸಿ ಎಂಬ ದೃಢೀಕರಣ ಪಡೆಯಬೇಕು. ಆ ದೃಢೀಕರಣ ಕಾಲೇಜನ್ನು ತಲುಪಬೇಕು. ತಡವಾದರೆ ಹಿಂದಿನ ಸೆಮಿಸ್ಟರಿಗೆ ಕಟ್ಟಿದ ಹೆಚ್ಚಿನ ಹಣ ವಾಪಸು ಬರುತ್ತದೆಂದು ನಂಬಿ ಕೂರುವಂತಿಲ್ಲ. ಮಂಡಳಿಯ 16 ರಾಜ್ಯಗಳೂ ಇದರಲ್ಲಿ ಒಂದೇ ತೆರನಾಗಿ ಭಾಗವಹಿಸುವುದಿಲ್ಲ. ಉತ್ತರ ಕೆರೊಲಿನಾ ಯೋಜನೆಯಿಂದ ಹೊರಬಂದಿದೆ. ಟೆಕ್ಸಸ್ ಮತ್ತು ಫ್ಲಾರಿಡಾ ಸ್ನಾತಕೋತ್ತರ ಮಟ್ಟಕ್ಕೆ ಸೀಮಿತವಾಗಿವೆ, ಹೀಗಾಗಿ ಡಲಾಸ್ ಸುತ್ತಮುತ್ತ ನೆಲೆಸಿದ ಕುಟುಂಬಗಳು ಪದವಿಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ನ್ಯೂಜೆರ್ಸಿಯವರ ಪಾಡು ಇನ್ನೂ ಕಷ್ಟ. ನ್ಯೂಜೆರ್ಸಿ, ನ್ಯೂಯಾರ್ಕ್, ಪೆನ್ಸಿಲ್ವೇನಿಯ ಈ ಮೂರೂ ರಾಜ್ಯಗಳು ನಾಲ್ಕು ಮಂಡಳಿಗಳಲ್ಲಿ ಯಾವುದಕ್ಕೂ ಸೇರಿಲ್ಲ. ಭಾರತೀಯರು ಕಿಕ್ಕಿರಿದಿರುವ ಪ್ರದೇಶವೇ ಹೀಗೆ ಬಿಟ್ಟುಹೋಗಿರುವುದು ವಿಚಿತ್ರವೆನಿಸಿದರೂ ಸತ್ಯ. ಅಲ್ಲಿಯವರು ನೋಡಬೇಕಾದದ್ದು ಒಂದೊಂದೇ ಕಾಲೇಜು ತಾನಾಗಿ ಕೊಡುವ ರಿಯಾಯಿತಿಗಳನ್ನು. ಯೂನಿವರ್ಸಿಟಿ ಆಫ್ ಮೇನ್ ಈ ದಾರಿಯಲ್ಲಿ ಹೆಸರು ಮಾಡಿತು: ಅರ್ಹ ಅಂಕಗಳಿರುವ ಹೊರರಾಜ್ಯದ ವಿದ್ಯಾರ್ಥಿ ತನ್ನ ರಾಜ್ಯದ ಪ್ರಮುಖ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಷ್ಟು ಕಟ್ಟುತ್ತಿದ್ದನೋ ಅಷ್ಟನ್ನೇ ಇಲ್ಲಿ ಕಟ್ಟಲಿ ಎಂಬ ಯೋಜನೆ ತಂದಿತು. ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ನಿವಾಸಿಗಳಿಗೆ 1999ರ ಕಾನೂನಿನಿಂದ ಬಂದ ಅನುದಾನ ಬೇರೆಯೇ ಇದೆ. ದೇಶದ ಯಾವುದೇ ಸರ್ಕಾರಿ ಕಾಲೇಜಿಗೆ ಹೋದರೂ ಎರಡು ದರಗಳ ನಡುವಣ ವ್ಯತ್ಯಾಸವನ್ನು ಅದು ಒಂದು ಮಿತಿಯ ತನಕ ತುಂಬಿಕೊಡುತ್ತದೆ.

ಸ್ನಾತಕೋತ್ತರ ಮತ್ತು ವೃತ್ತಿಪರ ಕೋರ್ಸುಗಳಲ್ಲಿ ಹಂಚಿಕೆಯ ಹಳೆಯ ಉದ್ದೇಶ ಇನ್ನೂ ಜೀವಂತವಾಗಿದೆ. ಕೆಂಟಕಿಯ ಪಶುವೈದ್ಯ ವಿದ್ಯಾರ್ಥಿಗಳು ದಶಕಗಳಿಂದ ಅಲಬಾಮದ ಆಬರ್ನ್‌ನಲ್ಲಿ ಅಲ್ಲಿಯವರ ದರಕ್ಕೆ ಓದುತ್ತಿದ್ದಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು 1970ರ ದಶಕದಿಂದ ಅಲಾಸ್ಕಾ, ಮೊಂಟಾನಾ, ಐಡಹೊಗಳಿಗೂ, ಆಮೇಲೆ ವಯೋಮಿಂಗ್‌ಗೂ ವೈದ್ಯರನ್ನು ತಯಾರು ಮಾಡಿಕೊಡುತ್ತಿದೆ. ಪಶ್ಚಿಮದ ಮಂಡಳಿಯ ವೃತ್ತಿಪರ ವಿನಿಮಯ ಯೋಜನೆಯಲ್ಲಿ ತವರು ರಾಜ್ಯವೇ ಕಾಲೇಜಿಗೆ ನೇರವಾಗಿ ಹಣ ಕಟ್ಟುತ್ತದೆ. ಕೆಲವು ರಾಜ್ಯಗಳು ಅದಕ್ಕೆ ಪ್ರತಿಯಾಗಿ, ಓದು ಮುಗಿದ ಮೇಲೆ ಬಂದು ಇಲ್ಲೇ ಕೆಲಸ ಮಾಡಬೇಕೆಂದು ಕರಾರು ಬರೆಸಿಕೊಳ್ಳುತ್ತವೆ. ಸಹಿ ಹಾಕುವ ಮುನ್ನ ಆ ಕರಾರನ್ನು ಪೂರ್ತಿ ಓದಿಕೊಳ್ಳಬೇಕು.

ರಿಯಾಯಿತಿ ಸಿಕ್ಕಿತೆಂದ ಮಾತ್ರಕ್ಕೆ ಉಳಿತಾಯವಾಯಿತೆಂದಲ್ಲ. ಹೆಚ್ಚಿನ ಮನೆಗಳು ಲೆಕ್ಕ ತಪ್ಪುವುದು ಇಲ್ಲಿ. ಕಾಲೇಜುಗಳ ಪತ್ರಗಳು ಹೊರಗಿನವರ 32,000ವನ್ನು ಮೇಲೆ ಬರೆದು, ಕೆಳಗೆ 18,000 ತೋರಿಸುತ್ತವೆ. ಆಷಾಢದ ಸೀರೆ ಅಂಗಡಿಯಲ್ಲಿ ಗೀಟು ಹಾಕಿದ ಬೆಲೆಯ ಪಕ್ಕ ಹೊಸ ಬೆಲೆ ಬರೆದಂತೆಯೇ ಇದು. ಹೋಲಿಸಿ ನೋಡಬೇಕಾದದ್ದು ಆ 32,000ದ ಜೊತೆಗಲ್ಲ, ಮಗ ಅಥವಾ ಮಗಳು ತನ್ನ ರಾಜ್ಯದಲ್ಲೇ ಓದಿದ್ದರೆ ಎಷ್ಟಾಗುತ್ತಿತ್ತು ಎಂಬುದರ ಜೊತೆಗೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಮೂಲ ಬೋಧನಾ ಶುಲ್ಕ 2024–25ರಲ್ಲಿ ರಾಜ್ಯದವರಿಗೆ 6,084 ಡಾಲರ್. ಕ್ಯಾಂಪಸ್ಸಿನ ಇತರ ಶುಲ್ಕಗಳು ಇದಕ್ಕೆ ಸೇರಿದರೂ, ಸ್ಯಾನ್ ಹೋಸೆಯ ಹುಡುಗ ಮನೆಯಿಂದಲೇ ಓಡಾಡಿ ಓದುವುದಕ್ಕೂ, ಒಂದೂವರೆ ಪಟ್ಟಿನ ದರದಲ್ಲಿ ಇನ್ನೊಂದು ರಾಜ್ಯದಲ್ಲಿ ಹಾಸ್ಟೆಲ್ ಬಾಡಿಗೆ ಕೊಟ್ಟು ಓದುವುದಕ್ಕೂ ಅಜಗಜಾಂತರ. ಅವನಿಗೆ ಬೇಕಾದ ಮೇಜರ್‌ನಲ್ಲಿ ಊರಿನ ಕಾಲೇಜು ಸೀಟು ಕೊಡದಿದ್ದಾಗ, ಅಥವಾ ಸೇರಿದ ಮೇಲೂ ಕ್ಲಾಸುಗಳು ಸಿಗದೆ ನಾಲ್ಕು ವರ್ಷದ ಓದು ಐದು, ಆರಕ್ಕೆ ಎಳೆದಾಗ ಮಾತ್ರ ಹೊರಗಿನ ಲೆಕ್ಕ ಹೊಂದುತ್ತದೆ.

ಕೈತಪ್ಪುವ ಹಣವನ್ನೂ ಇದರಲ್ಲಿ ಸೇರಿಸಬೇಕು. ಜಾರ್ಜಿಯಾದ ಹೋಪ್, ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್, ಕ್ಯಾಲಿಫೋರ್ನಿಯಾದ ಕ್ಯಾಲ್ ಗ್ರ್ಯಾಂಟ್ ಇವೆಲ್ಲ ಆಯಾ ರಾಜ್ಯದ ಕಾಲೇಜುಗಳಲ್ಲಿ ಮಾತ್ರ ನಡೆಯುವ ನೆರವು. ಗಡಿ ದಾಟಿದರೆ ಅವು ಇಲ್ಲ. ವರ್ಮಾಂಟ್ ತನ್ನ ಅನುದಾನವನ್ನು ಹೊರಗೂ ಒಯ್ಯಲು ಬಿಡುತ್ತದೆ, ಆದರೆ ಅದು ಅಪರೂಪ. ಮಕ್ಕಳ ಓದಿಗೆಂದು 529 ಖಾತೆಯಲ್ಲಿ ಕೂಡಿಟ್ಟ ಹಣವನ್ನು ಯಾವ ರಾಜ್ಯದಲ್ಲಾದರೂ ಬಳಸಬಹುದು. ಅನೇಕ ಕಾಲೇಜುಗಳು ಪ್ರಾದೇಶಿಕ ದರವನ್ನೇ ಒಂದು ವಿದ್ಯಾರ್ಥಿವೇತನವೆಂದು ಎಣಿಸಿ, ಅದರ ಮೇಲೆ ಬೇರೆ ಮೆರಿಟ್ ವೇತನ ಕೊಡುವುದಿಲ್ಲ. ವಿಮಾನದ ಟಿಕೆಟ್ಟು, ಬೇಸಿಗೆಯಲ್ಲಿ ಕೋಣೆ ಖಾಲಿ ಮಾಡುವ ಖರ್ಚು, ಅಪ್ಪ ಅಮ್ಮನ ಎಚ್‌ಎಂಒ ಆರೋಗ್ಯ ವಿಮೆ ಆ ಊರಿನಲ್ಲಿ ನಡೆಯದೆ ಕಾಲೇಜಿನ ವಿಮೆ ಕೊಳ್ಳಬೇಕಾದ ಸಂದರ್ಭ, ಇಂಥವು ಯಾವ ಪತ್ರದಲ್ಲೂ ಅಚ್ಚಾಗಿರುವುದಿಲ್ಲ.

ರಿಯಾಯಿತಿ ಉಳಿಸಿಕೊಳ್ಳುವುದೂ ಒಂದು ಕೆಲಸ. ದಕ್ಷಿಣ ಮತ್ತು ನ್ಯೂ ಇಂಗ್ಲೆಂಡ್ ಯೋಜನೆಗಳಲ್ಲಿ ಅದು ಮೇಜರ್‌ಗೆ ಗಂಟು ಬಿದ್ದಿರುವುದರಿಂದ, ಎರಡನೇ ವರ್ಷ ಮನಸ್ಸು ಬದಲಾಯಿಸಿ ಇನ್ನೊಂದು ಮೇಜರ್ ಹಿಡಿದವರು ಮರುಸೆಮಿಸ್ಟರಿನಿಂದಲೇ ಹೊರಗಿನವರ ಪೂರ್ತಿ ದರ ಕಟ್ಟಬೇಕಾಗಬಹುದು. ಹದಿನೆಂಟರ ವಯಸ್ಸಿನಲ್ಲಿ ಮನಸ್ಸು ಬದಲಾಗುವುದು ತೀರಾ ಸಹಜ. ಆದ್ದರಿಂದ ಗುರಿ ಗಟ್ಟಿಯಾಗದ ವಿದ್ಯಾರ್ಥಿಗೆ ಈ ಎರಡು ಯೋಜನೆಗಳು ಒಗ್ಗುವುದಿಲ್ಲ. ಪಶ್ಚಿಮದ ಯೋಜನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಿಯಾಯಿತಿ ದರದಲ್ಲಿ ಓದುತ್ತಿರುವಾತ ಇನ್ನೂ ತನ್ನ ತವರು ರಾಜ್ಯದ ನಿವಾಸಿ ಎಂದೇ ಲೆಕ್ಕ. ಹಾಗಾಗಿ ಆ ದರ ಕಟ್ಟಿಕೊಂಡಿದ್ದ ಅವಧಿಯನ್ನು ಹೊಸ ರಾಜ್ಯದ ರೆಸಿಡೆನ್ಸಿಗೆ, ಎಂದರೆ ನಿವಾಸಿ ಸ್ಥಾನಕ್ಕೆ, ಹಲವು ಕಡೆ ಲೆಕ್ಕ ಹಿಡಿಯುವುದಿಲ್ಲ. ಒಂದು ವರ್ಷ ಇದರಲ್ಲಿ ಇದ್ದು ಆಮೇಲೆ ರಾಜ್ಯದವರ ಇನ್-ಸ್ಟೇಟ್ ದರಕ್ಕೆ ಹಾರುತ್ತೇವೆ ಎಂಬ ಜಾಣತನ ಅಲ್ಲಿ ನಡೆಯದು.

ವೀಸಾದ ಮೇಲಿರುವ ಕುಟುಂಬಗಳಿಗೆ ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ರೆಸಿಡೆನ್ಸಿಯ ಪ್ರಶ್ನೆ. ಈ ಯೋಜನೆಗಳೆಲ್ಲ ಯಾವುದೋ ಒಂದು ಸದಸ್ಯ ರಾಜ್ಯದ ನಿವಾಸಿಗೆ ಇರುವಂಥವು. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ನೇರವಾಗಿ ಎಫ್-1 ವೀಸಾದಲ್ಲಿ ಬರುವ ವಿದ್ಯಾರ್ಥಿ ಯಾವ ರಾಜ್ಯದ ನಿವಾಸಿಯೂ ಅಲ್ಲದ್ದರಿಂದ ಸಾಮಾನ್ಯವಾಗಿ ಇವು ಅವನಿಗಲ್ಲ. ಅವನು ಹುಡುಕಬೇಕಾದದ್ದು ವಿದೇಶಿ ವಿದ್ಯಾರ್ಥಿಗಳಿಗೆಂದೇ ಕಾಲೇಜು ಕೊಡುವ ವೇತನಗಳನ್ನು, ಸ್ನಾತಕೋತ್ತರ ಮಟ್ಟದಲ್ಲಾದರೆ ಅಸಿಸ್ಟೆಂಟ್‌ಶಿಪ್‌ಗಳನ್ನು. ಎಚ್-1ಬಿ ಕೆಲಸಗಾರರ, ಎಚ್-4 ಅವಲಂಬಿತರ ಮಾತು ಬೇರೆ. ಕ್ಯಾಲಿಫೋರ್ನಿಯಾ ಸೇರಿ ಹಲವು ರಾಜ್ಯಗಳು ಅವರನ್ನು ನಿವಾಸಿಗಳೆಂದು ಒಪ್ಪುತ್ತವೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ 366 ದಿನಗಳ ವಾಸವನ್ನೂ ಅಲ್ಲೇ ನೆಲೆಸುವ ಉದ್ದೇಶಕ್ಕೆ ಪುರಾವೆಯನ್ನೂ ಕೇಳುತ್ತದೆ. ಡ್ರೈವಿಂಗ್ ಲೈಸೆನ್ಸು, ರಾಜ್ಯದ ಆದಾಯ ತೆರಿಗೆ ರಿಟರ್ನ್ಸ್ ಇಂಥ ಕಾಗದಗಳು ಆಗ ಕೆಲಸಕ್ಕೆ ಬರುತ್ತವೆ. ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರ ಜಿ-4 ವೀಸಾದ ಮಕ್ಕಳಿಗೆ ಸಾರಾಸಗಟಾಗಿ ಇನ್-ಸ್ಟೇಟ್ ದರ ನಿರಾಕರಿಸಿದ್ದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ನೀತಿಯನ್ನು ಸುಪ್ರೀಂ ಕೋರ್ಟ್ 1982ರ ಟೋಲ್ ವಿರುದ್ಧ ಮೊರೆನೊ ಪ್ರಕರಣದಲ್ಲಿ ರದ್ದುಮಾಡಿತ್ತು. ವೀಸಾ ಎಂದ ಕೂಡಲೇ ಬಾಗಿಲು ಮುಚ್ಚಿದೆ ಎಂದುಕೊಂಡು ಕೇಳದೇ ಇರುವುದು ತಪ್ಪು.

ಆದರೂ ಸ್ವಂತ ರಾಜ್ಯ ಒಪ್ಪಿದ್ದನ್ನು ಪಕ್ಕದ ರಾಜ್ಯದ ಕಾಲೇಜು ಒಪ್ಪಲೇಬೇಕೆಂದಿಲ್ಲ. ಎಚ್-4 ವಿದ್ಯಾರ್ಥಿಗೆ ಪ್ರಾದೇಶಿಕ ದರ ಅನ್ವಯಿಸುತ್ತದೆಯೇ ಎಂದು ಕಾಲೇಜಿನ ರಿಜಿಸ್ಟ್ರಾರ್ ಕಚೇರಿಗೆ ಇ-ಮೇಲ್ ಬರೆದು, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಫೋನಿನಲ್ಲಿ ಯಾರೋ ಆಗುತ್ತದೆ ಎಂದದ್ದು ಬಿಲ್ಲು ಬಂದ ದಿನ ನೆರವಿಗೆ ಬರುವುದಿಲ್ಲ. ಇನ್ನೊಂದು ಪ್ರಶ್ನೆಯನ್ನೂ ಅದೇ ಪತ್ರದಲ್ಲಿ ಕೇಳಬೇಕು: ಗ್ರೀನ್ ಕಾರ್ಡಿಗೆ ಕಾಯುತ್ತಿರುವಾಗಲೇ ಮಗುವಿಗೆ 21 ತುಂಬಿದರೆ ಎಚ್-4 ಕೊನೆಗೊಳ್ಳುತ್ತದೆ, ಹೆಚ್ಚಿನವರು ಎಫ್-1ಗೆ ಬದಲಾಗುತ್ತಾರೆ. ಪದವಿಯ ಮೂರನೇ ವರ್ಷದ ಆಸುಪಾಸಿನಲ್ಲಿ ಬರುವ ಆ ಬದಲಾವಣೆಯಿಂದ ದರ ಏರುವುದೇ, ಇಲ್ಲವೇ ಎಂಬುದು ನಾಲ್ಕು ವರ್ಷದ ಬಜೆಟ್ಟನ್ನೇ ತಲೆಕೆಳಗು ಮಾಡಬಲ್ಲ ವಿಷಯ.

ಕೆಲಸ ಶುರು ಮಾಡಲು ಸರಿಯಾದ ಕಾಲ ಹೈಸ್ಕೂಲಿನ ಹನ್ನೊಂದನೇ ತರಗತಿಯ ವಸಂತ. ಮಂಡಳಿಗಳ ಅಧಿಕೃತ ಜಾಲತಾಣಗಳಲ್ಲಿ ರಾಜ್ಯ, ಕಾಲೇಜು, ಮೇಜರ್ ಕೊಟ್ಟು ಹುಡುಕುವ ಪಟ್ಟಿಗಳಿವೆ. ಅಲ್ಲಿ ಸಿಕ್ಕ ಹೆಸರುಗಳನ್ನು ಕಾಲೇಜಿನ ಸ್ವಂತ ಪುಟದಲ್ಲಿ ಮತ್ತೊಮ್ಮೆ ನೋಡಬೇಕು. ಮಂಡಳಿಯ ಪಟ್ಟಿಗಿಂತ ಕಾಲೇಜಿನ ನಿಯಮ ಬೇಗ ಬದಲಾಗುತ್ತದೆ, ಹೋದ ವರ್ಷ ರಿಯಾಯಿತಿ ಸಿಕ್ಕ ನೆಂಟರ ಮಗಳ ಅನುಭವ ಈ ವರ್ಷಕ್ಕೆ ಅನ್ವಯಿಸದೇ ಇರಬಹುದು. ಅರ್ಜಿಯಲ್ಲಿ ಪ್ರಾದೇಶಿಕ ಯೋಜನೆಯ ಬಗ್ಗೆ ಕೇಳುವ ಪುಟ್ಟ ಚೌಕವಿದ್ದರೆ ಅದಕ್ಕೆ ಗುರುತು ಹಾಕುವುದನ್ನು ಮರೆಯಬಾರದು. ಬೇರೆ ಫಾರಂ ಇದ್ದರೆ ಅದರ ಗಡುವು ಪ್ರವೇಶದ ಗಡುವಿಗಿಂತ ಮೊದಲೇ ಇರುವುದು ಸಾಮಾನ್ಯ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಆಮೇಲೆ ವರ್ಗಾವಣೆಯಾಗುವ ಯೋಚನೆಯಿದ್ದವರು, ಆ ಕಾಲೇಜು ವರ್ಗಾವಣೆಯ ವಿದ್ಯಾರ್ಥಿಗಳಿಗೂ ಈ ದರ ಕೊಡುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹೊಸಬರಿಗೆ ಮಾತ್ರ ಕೊಡುವ ಕಾಲೇಜುಗಳೂ ಇವೆ. ದರ ಎಷ್ಟು ಸೆಮಿಸ್ಟರುಗಳ ತನಕ, ಉಳಿಸಿಕೊಳ್ಳಲು ಬೇಕಾದ ಜಿಪಿಎ ಎಷ್ಟು, ಬೇಸಿಗೆ ತರಗತಿಗಳಿಗೆ ಅನ್ವಯಿಸುತ್ತದೆಯೇ ಎಂಬ ಮೂರಕ್ಕೂ ಬರಹದಲ್ಲಿ ಉತ್ತರ ಇರಬೇಕು.

ಬಹುಪಾಲು ಕಾಲೇಜುಗಳಲ್ಲಿ ಮುಂಗಡ ಕಟ್ಟಿ ಸೀಟು ಖಾತ್ರಿ ಮಾಡಿಕೊಳ್ಳಲು ಮೇ 1 ಕೊನೆಯ ದಿನ. ಪ್ರಾದೇಶಿಕ ದರ ಮಂಜೂರಾದ ಪತ್ರ ಕೈಗೆ ಬರುವ ಮುನ್ನ ಆ ಮುಂಗಡ ಕಟ್ಟಬೇಡಿ.